ಮುಕ್ಕಾಲು ಕಿಲೋ ಅರಳೆ, ಇಪ್ಪತ್ತೈದು ಲಡಿ ನೂಲು

ಅರಿವೆ ವ್ಯಾಪಾರದ ಮನೆತನಗಳಲ್ಲಿ ಹುಟ್ಟಿದವರಿಗೆ ಬಟ್ಟೆಯ ಗುಣ ಬೆರಳಿನಿಂದಲೇ ತಿಳಿಯುತ್ತದೆ. ಆದರೆ ಅದರ ಒಂದು ಎಳೆ ಹೇಗೆ ಹುಟ್ಟುತ್ತದೆಂದು ಕೇಳಿದರೆ ನಮ್ಮಲ್ಲಿ ಎಷ್ಟು ಜನ ಹೇಳಿಯೇವು? ಜತ್ತಿನಲ್ಲಿ ನಲವತ್ತು ವರ್ಷ ಅರಿವೆ ಅಳೆದುಕೊಟ್ಟ ನಾನು, ಅಂಗಡಿಯನ್ನು ಮಗನಿಗೆ ಒಪ್ಪಿಸಿದ ಮೇಲೆ ನೂಲಲು ಕಲಿತೆ. ಶಾಲೆಯಲ್ಲಿ ತಕಲಿ ತಿರುಗಿಸಿದ್ದುಂಟು. ಅದು ಗುರುಗಳ ಭಯಕ್ಕೆ.

ನನ್ನದು ಪೆಟ್ಟಿಗೆ ಚರಕ. ಗಾಂಧೀಜಿಯವರು ಯೆರವಡಾ ಜೈಲಿನಲ್ಲಿದ್ದಾಗ ರೂಪುಗೊಂಡದ್ದರಿಂದ ಅದಕ್ಕೆ ಯೆರವಡಾ ಚರಕವೆಂದೇ ಹೆಸರು. ದೊಡ್ಡ ಗಾಲಿ ಸಣ್ಣ ಗಾಲಿಯನ್ನು, ಸಣ್ಣ ಗಾಲಿ ಕದಿರನ್ನು ತಿರುಗಿಸುತ್ತದೆ. ಬಲಗೈ ಗಾಲಿ ತಿರುವಬೇಕು, ಎಡಗೈ ಹಂಜಿಯನ್ನು ಹಿಂದಕ್ಕೆ ಎಳೆಯಬೇಕು. ಹಂಜಿಯನ್ನು ಬಿಗಿಯಾಗಿ ಹಿಡಿದರೆ ಎಳೆ ಹರಿಯುತ್ತದೆ, ಸಡಿಲ ಬಿಟ್ಟರೆ ಗಂಟು ಗಂಟಾಗಿ ಬರುತ್ತದೆ. ಧಾರವಾಡ ಸೀಮೆಯ ಜಯಧರ ಹತ್ತಿಯ ಎಳೆ ಗಿಡ್ಡ. ಅದಕ್ಕೆ ತಿರುವು ಹೆಚ್ಚು ಬೇಕು. ಎರಡೂ ಕೈಗಳು ಒಂದಾದ ದಿನ ಹಂಜಿಯಿಂದ ನೂಲು ತಾನಾಗಿಯೇ ಹೊರಡುತ್ತದೆ. ಆ ಸುಖವನ್ನು ಬರೆದು ತಿಳಿಸುವುದು ಕಷ್ಟ. ಲಾಭದ ಸೌದಾ ಕುದುರಿದಾಗಲೂ ನನಗೆ ಹಾಗೆ ಎನಿಸಿಲ್ಲ.

ನೂಲುವುದೂ ಒಂದು ಸಾಮಾಯಿಕವೇ ಎಂದು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಸಾಮಾಯಿಕದ 48 ನಿಮಿಷ ಕೈಗೆ ಕೆಲಸವಿರಬಾರದು. ಚರಕ ಅದಾದ ಮೇಲೆ.

ಈ ವರ್ಷ ನಮ್ಮ ಊರಿನಲ್ಲಿ ಆರ್ಯಿಕಾ ಮಾತಾಜಿಯವರ ಚಾತುರ್ಮಾಸ. ಕಡೆಗೆ ಕೊಡುವ ವಸ್ತ್ರದಾನದಲ್ಲಿ ಒಂದು ಸೀರೆ ನಮ್ಮ ಮನೆಯ ನೂಲಿನದಾಗಲಿ ಎಂದು ನಮ್ಮ ಮನೆಯವರ ಆಸೆ. ರೇಷ್ಮೆಯ ಮಾತೇ ಇಲ್ಲ. ಗೂಡಿನಲ್ಲಿರುವ ಜೀವವನ್ನು ಕೊಂದು ತೆಗೆಯುವ ಎಳೆ ಅದು. ಮಾತಾಜಿಯವರದು ಬಿಳಿ ಹತ್ತಿಯ ಹದಿನಾರು ಮೊಳದ ಸೀರೆ. ವ್ಯಾಪಾರಿಯ ಬುದ್ಧಿ, ಮೊದಲು ಲೆಕ್ಕ ಹಾಕಿದೆ. ಇಂಚಿಗೆ 40 ಎಳೆ ಹಾಸು, 36 ಎಳೆ ಹೊಕ್ಕು ಎಂದರೆ ಹಾಸಿಗೆ 13 ಕಿಲೋಮೀಟರ್, ಹೊಕ್ಕಿಗೆ 12. ಸಾವಿರ ಮೀಟರಿಗೆ ಒಂದು ಲಡಿಯಂತೆ 25 ಲಡಿ. 20 ನಂಬರಿನ ನೂಲಾದರೆ ತೂಕ ಬರೀ ಮುಕ್ಕಾಲು ಕಿಲೋ! ನನ್ನ ಕೈಗೆ ಗಂಟೆಗೆ 250 ಮೀಟರ್ ಬರುತ್ತದೆ; ಒಟ್ಟು ನೂರು ಗಂಟೆ. ಅಂಗಡಿಯಲ್ಲಿ ಒಂದು ಸೀರೆಯನ್ನು ಐದು ನಿಮಿಷದಲ್ಲಿ ಬಿಚ್ಚಿ, ಚೌಕಾಸಿ ಮಾಡಿ, ಮಡಿಚಿ ಇಡುತ್ತಿದ್ದೆವು. ಈ ಲೆಕ್ಕದಲ್ಲಿ ನೇಯುವವನ ದಿನಗಳು ಇನ್ನೂ ಸೇರಿಲ್ಲ.

ನಮ್ಮ ಸದಲಗಾದ ಮನೆತನದಿಂದ ಬಂದು 2024ರಲ್ಲಿ ಸಮಾಧಿ ಹೊಂದಿದ ಆಚಾರ್ಯ ಶ್ರೀ ವಿದ್ಯಾಸಾಗರ ಮಹಾರಾಜರು ಶ್ರಾವಕರನ್ನು ಕೈಮಗ್ಗಕ್ಕೆ ಹಚ್ಚಿದ್ದು ಏಕೆಂದು ಈಗ ಸ್ವಲ್ಪ ತಿಳಿಯುತ್ತಿದೆ.

ನೇಕಾರರು ಮೊದಲು ಒಪ್ಪಲಿಲ್ಲ. “ಸಾವಕಾರ್ರ, ಹಾಸು ಗಿರಣೀದು ಇರಲಿ, ಹೊಕ್ಕು ನಿಮ್ಮದು ಹಾಕೋಣು. ಕೈನೂಲು ಹಾಸಿನ್ಯಾಗ ತಡಿಯೂದುಲ್ಲ” ಎಂದರು. ಅವರ ಮಾತೂ ನಿಜ. ಹಾಸಿನ ಎಳೆ ಮಗ್ಗದ ಮೇಲೆ ಬಿಗಿಯಾಗಿರಬೇಕು, ಹಣಿಗೆಯ ತಿಕ್ಕಾಟ ತಾಳಬೇಕು. ಹಿಂದೆ ಗಿರಣಿಗಳಲ್ಲಿ ಅದಕ್ಕೆ ಪ್ರಾಣಿಗಳ ಕೊಬ್ಬು ಬೆರೆತ ಗಂಜಿ ಬಳಿಯುತ್ತಿದ್ದರೆಂಬುದನ್ನು ನಮ್ಮ ಮನೆಯವರು ಮರೆತಿಲ್ಲ. “ಈಗ ಏನು ಬಳಿತಾರೋ ನಮಗೇನು ಗೊತ್ರಿ? ಎರಡೂ ನಮ್ಮವೇ ಇರಲಿ, ಅಕ್ಕಿ ಗಂಜಿ ನಾನು ಕಾಸಿ ಕೊಡ್ತೀನಿ” ಎಂದು ಹಟ ಹಿಡಿದರು. ಅಂದಿನಿಂದ ಹಾಸಿನ ನೂಲಿಗೆ ನಾಲ್ಕು ಸುತ್ತು ಹೆಚ್ಚು ತಿರುವು ಕೊಡುತ್ತಿದ್ದೇನೆ.

ಕಳೆದ ವಾರ ನೇಕಾರರು ಬಂದು ಹದಿಮೂರು ಲಡಿಗಳನ್ನೂ ಅಲ್ಲಲ್ಲಿ ಜಗ್ಗಿ ನೋಡಿದರು. ಒಂಬತ್ತು ಹಾಸಿಗೆ ಆದೀತು ಎಂದು ಬೇರೆ ಇಟ್ಟರು. ಉಳಿದ ನಾಲ್ಕು ಹೊಕ್ಕಿಗೆ. ಇನ್ನು ಹಾಸಿಗೆ ನಾಲ್ಕು, ಹೊಕ್ಕಿಗೆ ಎಂಟು ಲಡಿ ಬೇಕು. ಚಾತುರ್ಮಾಸ ಮುಗಿಯಲು ಏಳು ವಾರ ಉಳಿದಿವೆ, ಅದರಲ್ಲಿ ನೇಯ್ಗೆಗೂ ದಿನ ಬೇಕು. ನಮ್ಮ ಮನೆಯವರಿಗೂ ಒಂದು ಚರಕ ತಂದಿದ್ದೇವೆ. ಅವರ ನೂಲು ನನ್ನದಕ್ಕಿಂತ ಸಣ್ಣ.