ಅಣೆಕಟ್ಟೆಯ ತಳ ಅಳೆಯುವ ದೋಣಿ

ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ, ಬೆಂಗಳೂರಿನ ಕೊಳಚೆಯನ್ನೂ ಹೊತ್ತುಕೊಂಡು ತಮಿಳುನಾಡಿಗೆ ಇಳಿಯುತ್ತದೆ. ಹೊಸೂರಿನ ಬಳಿ ಕೆಲವರಪಳ್ಳಿಯಲ್ಲಿ ಒಮ್ಮೆ, ಕೃಷ್ಣಗಿರಿಯ ಕೆಆರ್‌ಪಿ ಡ್ಯಾಮಿನಲ್ಲಿ ಇನ್ನೊಮ್ಮೆ ಅದಕ್ಕೆ ತಡೆ. ನೀರು ಗೇಟು ದಾಟಿ ಹೋಗುತ್ತದೆ, ತಂದ ಮಣ್ಣು ಅಲ್ಲೇ ಕೂರುತ್ತದೆ. ಕಾಮರಾಜರು ಮುಖ್ಯಮಂತ್ರಿಯಾಗಿದ್ದ 1950ರ ದಶಕದಲ್ಲಿ ಕಟ್ಟಿದ ಕೃಷ್ಣಗಿರಿ ಜಲಾಶಯದ ಮೂಲ ಸಾಮರ್ಥ್ಯ ಸುಮಾರು 2.41 ಟಿಎಂಸಿ ಅಡಿ. ಈಗ 52 ಅಡಿ ಭರ್ತಿಯಾದರೂ ಸರ್ಕಾರಿ ಲೆಕ್ಕದಲ್ಲಿ ಸಿಗುವುದು ಸುಮಾರು 1.67 ಟಿಎಂಸಿ ಅಡಿ.

ಕಣ್ಣಿಗೆ ಕಾಣದ ಈ ಹೂಳನ್ನು ಹಿಂದೆ ಗುಂಡು ಕಟ್ಟಿದ ಹಗ್ಗ ಇಳಿಬಿಟ್ಟು ಅಳೆಯುತ್ತಿದ್ದರು. ಈಗ ಆ ಕೆಲಸ ಸೋನಾರ್ ಮತ್ತು ಜಿಪಿಎಸ್ ಅಳವಡಿಸಿದ ಸಣ್ಣ ದೋಣಿಯದು. ಅಳತೆಯ ಸತ್ಯಾಸತ್ಯ ತೀರ್ಮಾನವಾಗುವುದು ದೋಣಿ ದಡ ಬಿಡುವ ಮೊದಲೇ, ಉಪಕರಣ ಕೂರಿಸುವಾಗ.

ದೋಣಿಯ ಮಗ್ಗುಲಿಗೆ ನೆಟ್ಟಗೆ ಒಂದು ಪೈಪು ಬಿಗಿದು, ನೀರಿನೊಳಗಿನ ತುದಿಗೆ ಟ್ರಾನ್ಸ್‌ಡ್ಯೂಸರ್ ಕೂರಿಸುತ್ತಾರೆ. ಅದು ಶಬ್ದದ ಅಲೆ ಬಿಟ್ಟು, ತಳಕ್ಕೆ ಬಡಿದು ಬಂದ ಮಾರ್ದನಿಯನ್ನು ಹಿಡಿಯುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನ ಸಿಹಿನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,497 ಮೀಟರ್. ಹತ್ತು ಮೀಟರ್ ಆಳಕ್ಕೆ ಹೋಗಿ ಬರಲು ಸೆಕೆಂಡಿನ ಎಪ್ಪತ್ತೈದನೇ ಒಂದು ಪಾಲು ಸಾಕು. ಪೈಪು ವಾಲಿದರೆ ಆಳ ತಪ್ಪುತ್ತದೆ. ಎಂಜಿನ್ನಿನ ಪ್ರೊಪೆಲ್ಲರಿಗೆ ಹತ್ತಿರವಾದರೆ ಗುಳ್ಳೆಗಳೇ ಶಬ್ದವನ್ನು ತಡೆಯುತ್ತವೆ. ಕೆಲವರಪಳ್ಳಿಯಲ್ಲಿ ಗೇಟು ತೆರೆದಾಗ ಏಳುವಂಥ ನೊರೆಯೂ ಅಳತೆಗೆ ಶತ್ರು.

ಜಿಪಿಎಸ್ ಆಂಟೆನಾ ಅದೇ ಪೈಪಿನ ನೆತ್ತಿಯ ಮೇಲಿದ್ದರೆ ಆಳ ಮತ್ತು ಜಾಗ ಒಂದೇ ಬಿಂದುವಿಗೆ ಸೇರುತ್ತವೆ. ಟ್ರಾನ್ಸ್‌ಡ್ಯೂಸರ್ ನೀರಿನಲ್ಲಿ ಎಷ್ಟು ಮುಳುಗಿದೆ ಎಂಬುದನ್ನೂ ಅಳೆದು ಲೆಕ್ಕಕ್ಕೆ ಸೇರಿಸಬೇಕು. ಬಳಿಕ ಪರೀಕ್ಷೆ: ಗುರುತು ಹಾಕಿದ ಸರಪಳಿಯಲ್ಲಿ ಲೋಹದ ತಟ್ಟೆಯನ್ನು ಎರಡು, ನಾಲ್ಕು, ಆರು ಮೀಟರಿಗೆ ಇಳಿಸುತ್ತಾರೆ. ಪರದೆಯ ಮೇಲೂ ಅದೇ ಅಂಕಿ ಬರಬೇಕು. ಬಾರದಿದ್ದರೆ ಸರಿಪಡಿಸಿಯೇ ಹೊರಡಬೇಕು.

ಪರದೆಯನ್ನು ದೋಣಿ ನಡೆಸುವವನ ಕಣ್ಣಿನ ಮಟ್ಟಕ್ಕೆ, ಬಿಸಿಲು ಬೀಳದಂತೆ ಕೂರಿಸುತ್ತಾರೆ. ಜಲಾಶಯಕ್ಕೆ ಅಡ್ಡಲಾಗಿ ಮೊದಲೇ ಎಳೆದಿಟ್ಟ ಗೆರೆಗಳು ಅದರಲ್ಲಿ ಕಾಣುತ್ತವೆ. ಗಾಳಿ ಎತ್ತ ತಳ್ಳಿದರೂ ದೋಣಿ ಗೆರೆ ಬಿಡಬಾರದು. ಕೆಲವು ಯಂತ್ರಗಳು ಎರಡು ಬಗೆಯ ಶಬ್ದ ಬಿಡುತ್ತವೆ. 200 ಕಿಲೋಹರ್ಟ್ಸ್‌ನ ಅಲೆ ಕೆಸರಿನ ಮೇಲ್ಮೈಯಿಂದಲೇ ಮರಳಿದರೆ, 30ರ ಆಸುಪಾಸಿನದು ಮೆದು ಕೆಸರನ್ನು ಹೊಕ್ಕು ಗಟ್ಟಿ ನೆಲ ಮುಟ್ಟಿ ಬರುತ್ತದೆ. ಇವೆರಡರ ಅಂತರವೇ ಮೆದು ಹೂಳಿನ ದಪ್ಪದ ಅಂದಾಜು.

ಇಷ್ಟು ನಿಖರತೆ ಏಕೆ ಬೇಕೆಂಬುದಕ್ಕೆ ತುಂಗಭದ್ರಾ ಜಲಾಶಯವೇ ಸಾಕ್ಷಿ. 1953ರಲ್ಲಿ 132 ಟಿಎಂಸಿ ಅಡಿಗೂ ಹೆಚ್ಚಿದ್ದ ಅದರ ಸಾಮರ್ಥ್ಯ 2008ರ ಸಮೀಕ್ಷೆಯಲ್ಲಿ 100.855ಕ್ಕೆ ಇಳಿದಿತ್ತು. 2016ರ ಸಮೀಕ್ಷೆ 105.788 ಎಂದಿತು. ಹೂಳು ತಾನಾಗಿ ಕರಗುವುದಿಲ್ಲ, ಅಳತೆಯಲ್ಲಿ ವ್ಯತ್ಯಾಸ ಬಂತು. ಸುಮಾರು ಐದು ಟಿಎಂಸಿ ಅಡಿ ಎಂದರೆ ಈಗಿನ ಕೃಷ್ಣಗಿರಿಯಂಥ ಮೂರು ಜಲಾಶಯಗಳ ನೀರು!

ಕೃಷ್ಣಗಿರಿ ಡ್ಯಾಮನ್ನು ನಂಬಿ ಸುಮಾರು 9,000 ಎಕರೆ ಭೂಮಿಯಿದೆ. ಹೂಳೆತ್ತುವ ಮೊದಲೊಮ್ಮೆ, ಎತ್ತಿದ ಮೇಲೊಮ್ಮೆ ಈ ದೋಣಿ ನೀರಿಗಿಳಿಯಬೇಕು. ಎರಡೂ ನಕ್ಷೆಗಳು ಡ್ಯಾಮಿನ ಕಚೇರಿಯಲ್ಲಿ ರೈತರ ಕೈಗೆ ಸಿಗಬೇಕು.