ಮಕ್ಕಳಲ್ಲಿ ಮೂತ್ರದ ಹಿಮ್ಮುಖ ಹರಿವು ಮತ್ತು ಅನುವಂಶಿಕತೆ

ಕೆಮ್ಮಿಲ್ಲ, ನೆಗಡಿಯಿಲ್ಲ, ಆದರೂ ಕೂಸಿಗೆ ಪದೇ ಪದೇ ಜ್ವರ ಬರುತ್ತದೆ. ದೃಷ್ಟಿ ತಗುಲಿತೆಂದೋ, ಹಲ್ಲು ಮೂಡುತ್ತಿವೆಯೆಂದೋ ನಾವು ಸಮಾಧಾನ ತಂದುಕೊಳ್ಳುತ್ತೇವೆ. ಇಂಥ ಜ್ವರಕ್ಕೆ ಕೆಲವೊಮ್ಮೆ ಮೂತ್ರದ ಸೋಂಕು ಕಾರಣವಾಗಿರುತ್ತದೆ. ಆ ಸೋಂಕಿನೊಡನೆ ‘ವೆಸಿಕೋಯುರೆಟರಲ್ ರಿಫ್ಲಕ್ಸ್’ ಎಂಬ ಹುಟ್ಟುದೋಷವೂ ಇರಬಹುದು.

ಮೂತ್ರಪಿಂಡಗಳಿಂದ ಇಳಿದುಬರುವ ನಾಳಗಳು ಮೂತ್ರಕೋಶದ ಗೋಡೆಯನ್ನು ಓರೆಯಾಗಿ ತೂರಿ ಒಳಸೇರುತ್ತವೆ. ಮೂತ್ರಕೋಶ ತುಂಬಿದಾಗ ಗೋಡೆಯೊಳಗಿನ ಆ ಭಾಗ ಒತ್ತಡದಿಂದ ಮುಚ್ಚಿಕೊಂಡು ಕವಾಟದಂತೆ ಕೆಲಸ ಮಾಡುತ್ತದೆ. ಈ ಭಾಗ ಗಿಡ್ಡವಾಗಿದ್ದರೆ ಕವಾಟ ಬಿಗಿಯಾಗದೆ ಮೂತ್ರ ಹಿಂದಕ್ಕೆ ಹರಿಯುತ್ತದೆ. ಅದರೊಡನೆ ಸೋಂಕು ಮೇಲೇರಿದರೆ ಮೂತ್ರಪಿಂಡದಲ್ಲಿ ಗಾಯದ ಕಲೆ ಉಳಿದು, ಮುಂದೆ ರಕ್ತದೊತ್ತಡಕ್ಕೂ ಮೂತ್ರಪಿಂಡದ ವೈಫಲ್ಯಕ್ಕೂ ದಾರಿಯಾಗಬಹುದು.

ಸಾಮಾನ್ಯವಾಗಿ 100 ಮಕ್ಕಳಲ್ಲಿ ಸುಮಾರು ಒಬ್ಬರಲ್ಲಿ ಈ ದೋಷವಿರುತ್ತದೆಂದು ಅಂದಾಜಿಸಲಾಗಿದೆ. ಆದರೆ ದೋಷವುಳ್ಳ ಮಗುವಿನ ಒಡಹುಟ್ಟಿದವರನ್ನು ಪರೀಕ್ಷಿಸಿದಾಗ ಸುಮಾರು ನಾಲ್ವರಲ್ಲಿ ಒಬ್ಬರಲ್ಲಿ, ದೋಷವಿದ್ದ ತಂದೆ ಅಥವಾ ತಾಯಿಯ ಮಕ್ಕಳಲ್ಲಿ ಸುಮಾರು ಮೂವರಲ್ಲಿ ಒಬ್ಬರಲ್ಲಿ ಇದು ಕಂಡುಬಂದಿದೆ. ಇದು ಅನುವಂಶಿಕ ಎಂಬುದಕ್ಕೆ ಈ ಅಂತರವೇ ಸಾಕ್ಷಿ. ಇದಕ್ಕೆ ಹಲವು ವಂಶವಾಹಿಗಳು ಕಾರಣವಾಗಬಲ್ಲವು. ಕೆಲವು ಕುಟುಂಬಗಳಲ್ಲಿ ಇಂಥ ವಂಶವಾಹಿಯ ಒಂದೇ ಪ್ರತಿ ಬಂದರೂ ದೋಷ ತಲೆದೋರಬಹುದು. ಅದನ್ನು ಪಡೆದವರೆಲ್ಲರಲ್ಲಿಯೂ ತಲೆದೋರಲೇಬೇಕೆಂದಿಲ್ಲ. ಬಾಲ್ಯದಲ್ಲಿ ದೋಷವಿದ್ದು, ಬೆಳೆಯುತ್ತ ತಾನಾಗಿ ವಾಸಿಯಾದ ಹಿರಿಯರಿಗೆ ಅದರ ಅರಿವೇ ಇಲ್ಲದಿರಬಹುದು.

ಆದ್ದರಿಂದ ‘ನಮ್ಮ ವಂಶದಲ್ಲಿ ಇಲ್ಲದ್ದು, ಸೊಸೆಯ ತವರಿನಿಂದ ಬಂದಿದೆ’ ಎಂಬ ಮಾತಿಗೆ ಆಧಾರವಿಲ್ಲ. ವಂಶವಾಹಿ ತಂದೆಯಿಂದಲೂ ಬರಬಹುದು, ತಾಯಿಯಿಂದಲೂ ಬರಬಹುದು. ಯಾರೂ ಅದನ್ನು ಬಯಸಿ ಕೊಡುವುದಿಲ್ಲ. ಶರಣರ ಹಾದಿಯಲ್ಲಿ ನಡೆಯಬಯಸುವ ನಮಗೆ ತಾಯಿಯನ್ನು ನೋಯಿಸುವ ಇಂಥ ನುಡಿ ಶೋಭಿಸದು.

ಕಾರಣ ತಿಳಿಯದ ಜ್ವರ ಬಂದರೆ ಔಷಧ ಆರಂಭಿಸುವ ಮೊದಲೇ ಮೂತ್ರಪರೀಕ್ಷೆ ಮಾಡಿಸುವ ಕುರಿತು ವೈದ್ಯರನ್ನು ಕೇಳೋಣ. ಮನೆಯಲ್ಲಿ ಒಂದು ಮಗುವಿಗೆ ಈ ದೋಷವಿದ್ದರೆ ಅದರ ಒಡಹುಟ್ಟಿದವರಿಗೂ ಸ್ಕ್ಯಾನಿಂಗ್ ಬೇಕೇ ಎಂದು ವಿಚಾರಿಸೋಣ. ಸೌಮ್ಯ ಹಂತದ ದೋಷ ಬೆಳವಣಿಗೆಯೊಂದಿಗೆ ಹೆಚ್ಚಾಗಿ ಸರಿಹೋಗುತ್ತದೆ. ಕೆಲವರಿಗೆ ಸೋಂಕು ತಡೆಯಲು ನಿತ್ಯ ಔಷಧ ಬೇಕಾಗುತ್ತದೆ, ತೀವ್ರವಾಗಿದ್ದರೆ ಶಸ್ತ್ರಚಿಕಿತ್ಸೆಯುಂಟು. ಮಕ್ಕಳಿಗೆ ಮಲಬದ್ಧತೆಯಾಗದಂತೆ, ಅವರು ಮೂತ್ರವನ್ನು ತಡೆದಿಟ್ಟುಕೊಳ್ಳದಂತೆ ನೋಡಿಕೊಳ್ಳುವುದು ನಮ್ಮೆಲ್ಲರ ಹೊಣೆ. ಸಕಾಲದಲ್ಲಿ ಎಚ್ಚೆತ್ತರೆ ಮಗುವಿನ ಮೂತ್ರಪಿಂಡಗಳನ್ನು ಕಾಪಾಡಬಹುದು.