ಟಾನ್ಸಿಲ್ ಒಂದೇ ಕಡೆ ಊದಿದೆಯೇ? ಊರಿಗೆ ಹೋಗುವವರೆಗೆ ಕಾಯಬೇಡಿ



ಹೃದಯದ ಡಾಕ್ಟರು ಗಂಟಲಿನ ಬಗ್ಗೆ ಯಾಕೆ ಬರೆಯುತ್ತಿದ್ದಾರೆ ಅನಿಸಬಹುದು. ರಬಾಳೆ ಎಂಐಡಿಸಿಯಲ್ಲಿ ಕೆಲಸ ಮಾಡುವ ನಮ್ಮ ಕನ್ನಡದವರೊಬ್ಬರು ಕೀಮೋಥೆರಪಿಗೆ ಮುಂಚೆ ಎಕೋ ಮಾಡಿಸಲು ನನ್ನ ಬಳಿ ಬಂದಿದ್ದರು. ಬಲಗಡೆಯ ಟಾನ್ಸಿಲ್ ಊದಿ ನಾಲ್ಕು ತಿಂಗಳಾಗಿತ್ತು. ನೋವಿಲ್ಲ, ಜ್ವರವಿಲ್ಲ. "ರಜೆ ಹಾಕಿದ್ರೆ ಸಂಬಳ ಕಟ್ ಸರ್, ಊರಿಗೆ ಹೋದಾಗ ತೋರಿಸೋಣ ಅಂದ್ಕೊಂಡೆ" ಅಂದರು. ಬಯಾಪ್ಸಿಯಲ್ಲಿ ಬಂದದ್ದು ಲಿಂಫೋಮಾ.

ಇದು ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ಕ್ಯಾನ್ಸರ್. ಸಾಮಾನ್ಯವಾಗಿ ಕುತ್ತಿಗೆ, ಕಂಕುಳು, ತೊಡೆಸಂದಿಯ ದುಗ್ಧಗ್ರಂಥಿಗಳಲ್ಲಿ ಶುರುವಾಗುತ್ತದೆ. ಆದರೆ ಆ ಗ್ರಂಥಿಗಳ ಹೊರಗೂ ಹುಟ್ಟಬಹುದು: ಟಾನ್ಸಿಲ್, ನಾಲಿಗೆಯ ಬುಡ, ಮೂಗು, ಸೈನಸ್, ಜೊಲ್ಲಿನ ಗ್ರಂಥಿ, ಥೈರಾಯ್ಡ್, ಕಣ್ಣಿನ ಸುತ್ತ. ಗುಟ್ಕಾ, ಬೀಡಿ ಮುಟ್ಟದವರಿಗೂ ಬರುತ್ತದೆ.

*ಮೂರು ವಾರ ಕಳೆದರೂ ಇವು ಹೋಗದಿದ್ದರೆ ಇಎನ್‌ಟಿ ಡಾಕ್ಟರಿಗೆ ತೋರಿಸಿ:*
👉 ಒಂದೇ ಕಡೆಯ ಟಾನ್ಸಿಲ್ ದೊಡ್ಡದಾಗಿರುವುದು
👉 ನುಂಗುವಾಗ ಏನೋ ಸಿಕ್ಕಿಕೊಂಡಂತಾಗುವುದು
👉 ಒಂದೇ ಮೂಗಿನ ಹೊಳ್ಳೆ ಕಟ್ಟಿ ರಕ್ತ ಬರುವುದು
👉 ಕುತ್ತಿಗೆ, ಕೆನ್ನೆಯಲ್ಲಿ ನೋವಿಲ್ಲದ ಗಂಟು

ಥೈರಾಯ್ಡ್ ಗಡ್ಡೆ ಬೇಗಬೇಗ ಬೆಳೆಯುತ್ತಿದ್ದರೆ ಅಥವಾ ಉಸಿರಾಟಕ್ಕೆ ತೊಂದರೆಯಾದರೆ ಮೂರು ವಾರವೂ ಕಾಯಬೇಡಿ.

*ಮೆಡಿಕಲ್ ಶಾಪ್‌ನಿಂದ ಸ್ಟಿರಾಯ್ಡ್ ಮಾತ್ರೆ ತಂದು ನುಂಗಬೇಡಿ.* ಸ್ಟಿರಾಯ್ಡ್ ಈ ಕಾಯಿಲೆಯ ಔಷಧಿಗಳಲ್ಲಿ ಒಂದು. ಹಾಗಾಗಿ ಊತ ಸ್ವಲ್ಪ ದಿನ ಇಳಿಯುತ್ತದೆ, ನಾವು ವಾಸಿಯಾಯಿತು ಅಂದುಕೊಳ್ಳುತ್ತೇವೆ. ಆಮೇಲೆ ಬಯಾಪ್ಸಿ ಮಾಡಿದರೂ ಕಾಯಿಲೆ ಸರಿಯಾಗಿ ಕಾಣದೇ ಹೋಗಬಹುದು.

ಬಯಾಪ್ಸಿ ಎಂದರೆ ಚಿಕ್ಕ ತುಣುಕು ತೆಗೆದು ಪರೀಕ್ಷಿಸುವುದು. ಅದರಿಂದ ಕ್ಯಾನ್ಸರ್ ಹರಡುತ್ತದೆ ಎಂಬ ಭಯ ಬೇಡ. ಲಿಂಫೋಮಾದಲ್ಲಿ ಬಗೆಗಳು ಹಲವು. ಬಗೆ ತಿಳಿದರೇನೇ ಚಿಕಿತ್ಸೆ. ಹೆಚ್ಚಾಗಿ ಕಾಣುವ ಬಗೆಗೆ 21 ದಿನಕ್ಕೊಮ್ಮೆ ಆರ್-ಚಾಪ್ ಎಂಬ ಔಷಧಿಗಳ ಸರಣಿ ಕೊಡುತ್ತಾರೆ. ಬಹಳಷ್ಟು ಜನ ಪೂರ್ತಿ ಗುಣವಾಗುತ್ತಾರೆ.

ಇದರಲ್ಲಿರುವ ಡಾಕ್ಸೊರುಬಿಸಿನ್ ಕೆಲವರ ಹೃದಯವನ್ನು ದುರ್ಬಲಗೊಳಿಸಬಹುದು. ಅದಕ್ಕೇ ಮೊದಲು ಎಕೋ. ಬಿಪಿ, ಹಳೆಯ ಹಾರ್ಟ್ ಅಟ್ಯಾಕ್ ಇದ್ದರೆ ಮುಚ್ಚಿಡಬೇಡಿ. ಹೃದಯ ದುರ್ಬಲವಾಗಿದ್ದರೆ ಔಷಧಿ ಬದಲಿಸುವ ದಾರಿಗಳಿವೆ.

ಟಾಟಾ ಮೆಮೋರಿಯಲ್ ಪರೇಲ್‌ನಲ್ಲಿ 1941ರಿಂದ ಇದೆ. ಅದೇ ಸಂಸ್ಥೆಯ ಆಕ್ಟ್ರೆಕ್ ಕೇಂದ್ರ ನಮ್ಮ ನವಿ ಮುಂಬಯಿಯ ಖಾರ್‌ಘರ್‌ನಲ್ಲೇ ಇದೆ. ಊರಿನ ಕಡೆಯವರಿಗೆ ಬೆಂಗಳೂರಿನ ಕಿದ್ವಾಯಿ ಇದೆ. ಕಂಪನಿಯಲ್ಲಿ ಇಎಸ್‌ಐ ಕಾರ್ಡ್ ಕೊಟ್ಟಿದ್ದರೆ ಹುಡುಕಿ ಕೈಗೆ ಸಿಗುವಂತೆ ಇಟ್ಟುಕೊಳ್ಳಿ.

ಅವರ ಹೃದಯ ಚೆನ್ನಾಗಿತ್ತು, ಚಿಕಿತ್ಸೆ ಶುರುವಾಯಿತು. ಆದರೆ ಆ ನಾಲ್ಕು ತಿಂಗಳು ವಾಪಸ್ ಬರುವುದಿಲ್ಲ. ಇವತ್ತೇ ಕನ್ನಡಿ ಮುಂದೆ ನಿಂತು ಬಾಯಿ ತೆರೆದು ಒಮ್ಮೆ ನೋಡಿಕೊಳ್ಳಿ. ಮನೆಯವರದ್ದನ್ನೂ ನೋಡಿ.

🙏 ನಿಮ್ಮ ಊರಿನ ಗ್ರೂಪಿಗೂ ಕಳುಹಿಸಿ.